ಚಳಿನಾಡಿನಲ್ಲಿ ದೂರದೇಶದ ಹೂಪೊದೆಗಳು: ಬೀಜದಿಂದ ಬೆಳೆಸುವ ಕ್ರಮ

ಪ್ರೋಟಿಯ, ಬ್ಯಾಂಕ್ಸಿಯಾ, ಬಾಟಲ್ ಬ್ರಷ್, ಕೋವೈ, ಎರಿತ್ರೈನಾದಂತಹ ಹೂಪೊದೆಗಳನ್ನು ಬ್ರಿಟನ್ನಿನಂತಹ ಚಳಿಯ ನಾಡಿನಲ್ಲಿ ಬೀಜದಿಂದ ಬೆಳೆಸಲು ಹೊರಟವರು ಬಿತ್ತಿದ ಕೂಡಲೇ ಕುಂಡವನ್ನು ಮನೆಯ ಅತ್ಯಂತ ಬೆಚ್ಚನೆಯ ಮೂಲೆಗೆ ಒಯ್ದು ಇಡುತ್ತಾರೆ. ಬಿಸಿಲಿನ ದೇಶದಿಂದ ಬಂದ ಬೀಜಕ್ಕೆ ಬಿಸಿಯೇ ಬೇಕು ಎಂಬ ಎಣಿಕೆ ಸಹಜವಾದದ್ದೇ. ಆದರೆ ಇಂಗ್ಲೆಂಡಿನ ಉತ್ತರಭಾಗದ ಯಾರ್ಕ್‌ಷೈರಿನಲ್ಲಿ, ಹೀಟರ್ ಇಲ್ಲದ ಒಂದು ಚಿಕ್ಕ ಗಾಜಿನ ಮನೆಯಲ್ಲಿ ವರ್ಷಗಟ್ಟಲೆ ಈ ಗಿಡಗಳ ಜೊತೆ ಕಾಲ ಕಳೆದ ಮೇಲೆ ನನಗೆ ಮನದಟ್ಟಾದದ್ದು ಬೇರೆಯೇ ಆಗಿದೆ. ಬೀಜ ಕಾಯುವುದು ಬಿಸಿಗಾಗಿ ಅಲ್ಲ, ತನ್ನ ಊರಿನಲ್ಲಿ ಮೊಳೆಯಲು ಸರಿಯಾದ ಕಾಲ ಬಂದಿದೆ ಎಂಬ ಸುಳಿವಿಗಾಗಿ. ಆ ಸುಳಿವು ಕೆಲವಕ್ಕೆ ಕಾಡುಗಿಚ್ಚಿನ ಹೊಗೆ, ಕೆಲವಕ್ಕೆ ಎರಡು ತಿಂಗಳ ಚಳಿ, ಕೆಲವಕ್ಕೆ ಗಟ್ಟಿಸಿಪ್ಪೆಯ ಮೇಲೊಂದು ಗಾಯ. ಇನ್ನು ಕೆಲವಕ್ಕೆ ಹಗಲಿಗೂ ರಾತ್ರಿಗೂ ನಡುವಿನ ಉಷ್ಣತೆಯ ಅಂತರ. ಯಾವ ಬೀಜಕ್ಕೆ ಯಾವ ಸುಳಿವು ಎಂಬುದನ್ನು ಅರಿತವರಿಗೆ ಮೊಳಕೆ ಬರಿಸುವುದು ಕಷ್ಟವಲ್ಲ. ಹುಟ್ಟಿದ ಸಸಿಯನ್ನು ಮೊದಲ ಚಳಿಗಾಲ ದಾಟಿಸುವುದೇ ನಿಜವಾದ ಕಷ್ಟ.

ಬೀಜವನ್ನು ಎಲ್ಲಿಂದ ತರಿಸಬೇಕು ಎಂಬ ಮಾತು ಮೊದಲು. ಊರಿಗೆ ಹೋದಾಗ ಕಂಡ ಹೂಗಿಡದ ಬೀಜವನ್ನು ಕಾಗದದಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬರುವ ಆಸೆ ನಮ್ಮಲ್ಲಿ ಹಲವರಿಗಿದೆ. ಅದು ಸಲ್ಲದು. ಬ್ರಿಟನ್ನಿಗೆ ಹೊರದೇಶದಿಂದ ಬರುವ ಬಹುಪಾಲು ಬೀಜಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಇರಲೇಬೇಕು, ಭಾರತಕ್ಕೆ ಬೀಜ ಒಯ್ಯುವವರಿಗೂ ಕಟ್ಟುನಿಟ್ಟಾದ ನಿಯಮಗಳಿವೆ. ಒಂದು ಹುಳವೋ ಒಂದು ಶಿಲೀಂಧ್ರವೋ ಬೀಜದ ಜೊತೆ ಬಂದು ನೆಲೆಸಿದರೆ ಹಾನಿ ಒಂದು ಅಂಗಳಕ್ಕೆ ಸೀಮಿತವಾಗಿರುವುದಿಲ್ಲ. ನಾವಿರುವ ದೇಶದ ಬೀಜದಂಗಡಿಗಳಲ್ಲೂ ತೋಟಗಾರರ ಸಂಘಗಳ ಬೀಜ ಹಂಚಿಕೆಯಲ್ಲೂ ಈ ಗಿಡಗಳಲ್ಲಿ ಬಹುಪಾಲು ಸಿಗುತ್ತವೆ.

ಗಿಡವನ್ನು ಆರಿಸುವಾಗ ಹೂವಿನ ಚಿತ್ರವನ್ನು ನೋಡಿ ಮನಸೋಲುವ ಮೊದಲು ಅದು ಎಷ್ಟು ಚಳಿ ತಡೆಯುತ್ತದೆ ಎಂಬುದನ್ನು ನೋಡಬೇಕು. ಬ್ರಿಟನ್ನಿನ ತೋಟಗಾರಿಕೆ ಸಂಘವಾದ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಗಿಡಗಳಿಗೆ ಕೊಡುವ ದರ್ಜೆಯಲ್ಲಿ ಎಚ್3 ಎಂದರೆ ಸೊನ್ನೆಗಿಂತ 5 ಡಿಗ್ರಿ ಕೆಳಗಿನವರೆಗೆ, ಎಚ್4 ಎಂದರೆ 10 ಡಿಗ್ರಿ ಕೆಳಗಿನವರೆಗೆ ಬದುಕಬಲ್ಲದು ಎಂದರ್ಥ. ಬೆಂಗಳೂರಿನ ಉದ್ಯಾನಗಳಲ್ಲಿ ಕೊಂಬೆಗಳನ್ನು ಇಳಿಬಿಟ್ಟುಕೊಂಡು ನಿಲ್ಲುವ ಬಾಟಲ್ ಬ್ರಷ್ ನಮಗೆಲ್ಲ ಪರಿಚಿತ. ಅದು ಕ್ಯಾಲಿಸ್ಟೆಮನ್ ವಿಮಿನಾಲಿಸ್. ಚಳಿಗೆ ಬೇಗ ಸೋಲುತ್ತದೆ. ಅದರ ಬಂಧುವಾದ, ತೆಳುಹಳದಿ ಹೂ ಬಿಡುವ ಕ್ಯಾಲಿಸ್ಟೆಮನ್ ಪ್ಯಾಲಿಡಸ್ ಆಸ್ಟ್ರೇಲಿಯದ ತಂಪು ಪ್ರದೇಶದ್ದಾದ್ದರಿಂದ ಇಲ್ಲಿನ ಚಳಿಗೆ ಹೆಚ್ಚು ಒಗ್ಗುತ್ತದೆ. ಬ್ಯಾಂಕ್ಸಿಯಾಗಳಲ್ಲಿಯೂ ಹೀಗೆಯೇ: ಆಸ್ಟ್ರೇಲಿಯದ ಪಶ್ಚಿಮದ ಬಗೆಗಳು ನೋಡಲು ಬಹಳ ಸೊಗಸು, ಆದರೆ ಇಲ್ಲಿನ ತೇವ ಅವಕ್ಕೆ ಆಗುವುದಿಲ್ಲ, ಆಗ್ನೇಯ ಭಾಗದ ಮತ್ತು ಟ್ಯಾಸ್ಮೇನಿಯದ ಬ್ಯಾಂಕ್ಸಿಯಾ ಮಾರ್ಜಿನೇಟಾ, ಕರಾವಳಿಯ ಬ್ಯಾಂಕ್ಸಿಯಾ ಇಂಟೆಗ್ರಿಫೋಲಿಯಾ, ಬೆಟ್ಟದ ಬ್ಯಾಂಕ್ಸಿಯಾ ಕ್ಯಾನಿಯೈ ಇವು ನಂಬಬಹುದಾದವು. ಒಂದೇ ಹೆಸರಿನಡಿ ಬರುವ ಗಿಡಗಳಲ್ಲಿ ಬೆಟ್ಟದ ಮೇಲಿನದನ್ನು, ಭೂಮಧ್ಯರೇಖೆಯಿಂದ ಹೆಚ್ಚು ದೂರದ್ದನ್ನು ಆರಿಸುವುದು ಒಳ್ಳೆಯ ರೂಢಿ.

ಇಲ್ಲಿ ಕಾಫಿ ಸೀಮೆಯಿಂದ ಬಂದವರಿಗೆ ಒಂದು ಮಾತು ಹೇಳಬೇಕು. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ನೆಟ್ಟಿರುವ ಸಿಲ್ವರ್ ಓಕ್ ಹೆಸರಿಗೆ ಓಕ್ ಆದರೂ ಓಕ್ ಕುಲದ್ದಲ್ಲ. ಅದು ಆಸ್ಟ್ರೇಲಿಯದ ಪೂರ್ವಭಾಗದ ಗ್ರೆವಿಲ್ಲಿಯ ರೊಬಸ್ಟಾ; ಪ್ರೋಟಿಯ, ಬ್ಯಾಂಕ್ಸಿಯಾಗಳ ಕುಟುಂಬಕ್ಕೇ ಸೇರಿದ್ದು. ಅದರ ಕಿತ್ತಳೆ ಬಣ್ಣದ ಹೂಗೊಂಚಲನ್ನು ಒಮ್ಮೆ ಹತ್ತಿರದಿಂದ ಕಂಡವರಿಗೆ ಬ್ಯಾಂಕ್ಸಿಯಾದ ಹೂ ಅಷ್ಟೇನೂ ಅಪರಿಚಿತವೆನಿಸದು. ತಂತಿಯಂತೆ ಬಾಗಿ ಹೊರಬರುವ ಶಲಾಕೆಗಳು ಎರಡರಲ್ಲೂ ಒಂದೇ ರೀತಿ. ಈ ಕುಟುಂಬದ ಬೇರಿನ ಗುಣವೂ ಒಂದೇ, ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಆ ಬೇರಿಗೆ ಸಂಬಂಧಿಸಿದವು.

ಮಣ್ಣಿನ ಮಿಶ್ರಣ

ಆಸ್ಟ್ರೇಲಿಯ ಮತ್ತು ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ಮಣ್ಣು ಬಹಳ ಹಳೆಯದು, ಸವೆದದ್ದು, ರಂಜಕವೇ ಇಲ್ಲವೆನ್ನುವಷ್ಟು ಬಡವಾದದ್ದು. ಅಂತಹ ನೆಲದಲ್ಲಿ ಇದ್ದಷ್ಟು ರಂಜಕವನ್ನು ಹೀರಿಕೊಳ್ಳಲು ಪ್ರೋಟಿಯ ಕುಟುಂಬದ ಗಿಡಗಳು ಹಲ್ಲುಜ್ಜುವ ಬ್ರಷ್ಷಿನಂತೆ ಒತ್ತೊತ್ತಾದ ಸಣ್ಣ ಬೇರುಗಳ ಗೊಂಚಲನ್ನು ಬೆಳೆಸುತ್ತವೆ. ಇವುಗಳಿಗೆ ಗೊಬ್ಬರ ತುಂಬಿದ ಮಣ್ಣು ಕೊಟ್ಟರೆ ಬೇರು ಹೀರುವುದನ್ನು ನಿಲ್ಲಿಸುವುದಿಲ್ಲ. ರಂಜಕ ಎಲೆಯಲ್ಲಿ ತುಂಬಿಕೊಂಡು ಗಿಡಕ್ಕೆ ವಿಷವಾಗುತ್ತದೆ. ಮೊದಲ ವರ್ಷ ನನ್ನಲ್ಲಿ ಹುಟ್ಟಿದ ಹನ್ನೊಂದು ಬ್ಯಾಂಕ್ಸಿಯಾ ಸಸಿಗಳಿಗೆ ಟೊಮೆಟೊ ಗಿಡಕ್ಕೆ ಹಾಕುವ ದ್ರವಗೊಬ್ಬರವನ್ನೇ ವಾರಕ್ಕೊಮ್ಮೆ ಹಾಕಿದೆ. ಹೊಸ ಎಲೆಗಳು ಮೊದಲು ಹಳದಿಯಾದವು, ನರಗಳು ಮಾತ್ರ ಹಸಿರಾಗಿ ಉಳಿದವು, ಆಮೇಲೆ ಅಂಚು ಸುಟ್ಟಂತೆ ಕಂದಾಯಿತು. ಹಸಿವೆಂದು ತಿಳಿದು ಇನ್ನಷ್ಟು ಗೊಬ್ಬರ ಕೊಟ್ಟೆ. ಆಗಸ್ಟ್ ಮುಗಿಯುವ ಹೊತ್ತಿಗೆ ಹನ್ನೊಂದೂ ಸತ್ತವು. ಆ ತಪ್ಪು ಇನ್ನೊಬ್ಬರಿಂದ ಆಗಬಾರದೆಂದೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮಿಶ್ರಣಕ್ಕೆ ಒಂದು ಪಾಲು ಆಮ್ಲಪ್ರಿಯ ಗಿಡಗಳಿಗೆಂದು ಮಾರುವ ಕಾಂಪೋಸ್ಟ್, ಒಂದು ಪಾಲು ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು, ಒಂದು ಪಾಲು ಚೆನ್ನಾಗಿ ತೊಳೆದ ದಪ್ಪ ಮರಳು ಸಾಕು. ಮರಳು ಸುಣ್ಣಕಲ್ಲಿನದಾಗಿರಬಾರದು, ಅನುಮಾನವಿದ್ದರೆ ಒಂದು ಚಿಟಿಕೆ ಮರಳಿನ ಮೇಲೆ ವಿನೆಗರ್ ಹನಿಸಿ ನೋಡಬೇಕು, ನೊರೆ ಎದ್ದರೆ ಅದರಲ್ಲಿ ಸುಣ್ಣವಿದೆ. ಮುಷ್ಟಿಯಲ್ಲಿ ಹಿಡಿದು ಒತ್ತಿದಾಗ ಉಂಡೆಕಟ್ಟದೆ ಉದುರಿ ಹೋಗುವಂತಿದ್ದರೆ ಮಿಶ್ರಣ ಸರಿಯಾಗಿದೆ. ನಲ್ಲಿಯ ನೀರು ಗಡುಸಾಗಿರುವ ಊರುಗಳಲ್ಲಿ ಮಳೆನೀರನ್ನೇ ಹಿಡಿದಿಟ್ಟುಕೊಳ್ಳಬೇಕು, ಇಲ್ಲಿ ಮಳೆಗೇನೂ ಬರವಿಲ್ಲ. ತಟ್ಟೆಯಂತಹ ಅಗಲ ಪಾತ್ರೆಗಿಂತ ಆಳವಾದ ಕುಂಡ ಮೇಲು, ಏಕೆಂದರೆ ಈ ಸಸಿಗಳಲ್ಲಿ ಹಲವು ಎರಡೆಲೆ ಬಿಡುವ ಮೊದಲೇ ಉದ್ದನೆಯ ತಾಯಿಬೇರನ್ನು ಕೆಳಗಿಳಿಸುತ್ತವೆ.

ಗಟ್ಟಿಸಿಪ್ಪೆಯ ಬೀಜಗಳು

ಅವರೆ ತೊಗರಿಗಳ ಕುಟುಂಬಕ್ಕೆ ಸೇರಿದ ಪೊದೆಗಳನ್ನು ಮೊದಲು ಬೆಳೆಸುವುದು ಒಳ್ಳೆಯದು, ಏಕೆಂದರೆ ಬೀಜಕ್ಕೆ ಏನು ಬೇಕೋ ಅದು ಕಣ್ಣಿಗೇ ಕಾಣುತ್ತದೆ. ನ್ಯೂಜಿಲೆಂಡಿನ ಕೋವೈ ಗಿಡವನ್ನು ತೆಗೆದುಕೊಳ್ಳೋಣ. ಅದರ ಬೀಜ ಹಳದಿ ಬಣ್ಣದ್ದು, ಹೊಳಪಿನದ್ದು, ಹೊಳೆಯಲ್ಲೂ ಕಡಲಲ್ಲೂ ತೇಲಿ ಹೋಗಿ ಬೇರೆ ದಡ ಸೇರುವಷ್ಟು ನೀರು ತಾಗದ ಸಿಪ್ಪೆಯದ್ದು. ಹಾಗೆಯೇ ಬಿತ್ತಿದರೆ ಮಣ್ಣಿನಲ್ಲಿ ಕಲ್ಲಿನಂತೆ ವರ್ಷಗಟ್ಟಲೆ ಬಿದ್ದಿರುತ್ತದೆ. ಬೀಜವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಬೀಜದ ಕಣ್ಣು ಇರುವ ಬದಿಯನ್ನು ಬಿಟ್ಟು ಅದರ ಎದುರು ಬದಿಯನ್ನು ಉಗುರು ತಿಕ್ಕುವ ಅರದಿಂದ ನಿಧಾನವಾಗಿ ತಿಕ್ಕಬೇಕು. ಹಳದಿ ಪುಡಿ ಉದುರುತ್ತ ಉದುರುತ್ತ ಒಂದು ಹಂತದಲ್ಲಿ ಕೆನೆಬಣ್ಣದ ಚುಕ್ಕೆ ಕಾಣಿಸುತ್ತದೆ. ಅಲ್ಲಿಗೆ ನಿಲ್ಲಿಸಬೇಕು, ಇನ್ನೂ ಆಳಕ್ಕೆ ಹೋದರೆ ಒಳಗಿನ ಬೇಳೆಗೆ ಪೆಟ್ಟಾಗುತ್ತದೆ. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ಹೆಸರುಕಾಳು ನೆನೆದಂತೆ ಉಬ್ಬಿರುತ್ತದೆ. ಉಬ್ಬದೆ ತಳದಲ್ಲಿ ಹಾಗೆಯೇ ಉಳಿದ ಬೀಜವನ್ನು ಎಸೆಯದೆ ಮತ್ತೆ ತಿಕ್ಕಿ ನೆನೆಹಾಕಬೇಕು.

ಉಬ್ಬಿದ ಬೀಜವನ್ನು ಅದರ ದಪ್ಪದ ಎರಡರಷ್ಟು ಆಳದಲ್ಲಿ ಬಿತ್ತಿ 18ರಿಂದ 20 ಡಿಗ್ರಿಯಲ್ಲಿಟ್ಟರೆ ಎರಡು ಮೂರು ವಾರದಲ್ಲಿ ತಲೆ ಎತ್ತುತ್ತದೆ. ಕೋವೈಗಳಲ್ಲಿ ಸೋಫೊರಾ ಮೈಕ್ರೊಫಿಲ್ಲಾ ಎಂಬುದು ಎಳೆಯ ವಯಸ್ಸಿನಲ್ಲಿ ಹೆಣೆದುಕೊಂಡ ತಂತಿಯ ಗೋಜಲಿನಂತೆ ವರ್ಷಗಟ್ಟಲೆ ಇದ್ದುಬಿಡುತ್ತದೆ, ಹೂವಿಗಾಗಿ ಬಹಳ ಕಾಯಬೇಕು. ಸೋಫೊರಾ ಟೆಟ್ರಾಪ್ಟೆರಾದಲ್ಲಿ ಆ ಗೋಜಲಿನ ಹಂತವಿಲ್ಲ. ಬೀಜದಿಂದ ಬೆಳೆಸುವವರಿಗೆ ನನ್ನ ಸಲಹೆ ಎರಡನೆಯದೇ.

ಇದೇ ಕ್ರಮ ಎರಿತ್ರೈನಾ ಕ್ರಿಸ್ಟಗಲ್ಲಿಗೂ ಸಲ್ಲುತ್ತದೆ. ಮೆಣಸಿನ ಬಳ್ಳಿಗೆ ಆಸರೆಯಾಗಿ ನೆಡುವ ನಮ್ಮ ಹಾಲುವಾಣದ ಹತ್ತಿರದ ಬಂಧು ಇದು. ಅರ್ಜೆಂಟೀನ ಮತ್ತು ಉರುಗ್ವೆಗಳ ರಾಷ್ಟ್ರಪುಷ್ಪ. ಇದಕ್ಕೆ ಮಾತ್ರ ಮೊಳೆಯಲು 22ರಿಂದ 25 ಡಿಗ್ರಿಯ ಬಿಸಿ ನಿಜವಾಗಿಯೂ ಬೇಕು. ಇಂಗ್ಲೆಂಡಿನಲ್ಲಿ ದಕ್ಷಿಣಕ್ಕೆ ಮುಖಮಾಡಿದ ಗೋಡೆಯ ಬುಡದಲ್ಲಿ ನೆಟ್ಟರೆ ಚಳಿಗಾಲಕ್ಕೆ ಕೊಂಬೆಗಳೆಲ್ಲ ಸತ್ತು, ಬೇಸಗೆಗೆ ಬುಡದಿಂದ ಮತ್ತೆ ಚಿಗುರಿ ಕೆಂಪು ಹೂ ಬಿಡುತ್ತದೆ. ನಮ್ಮ ರತ್ನಗಂಧಿಯ ಬಂಧುವಾದ, ಹಳದಿ ಹೂವಿನಿಂದ ಉದ್ದನೆಯ ಕೆಂಪು ಕೇಸರಗಳನ್ನು ಚಾಚುವ ಸೀಸಾಲ್ಪೀನಿಯ ಗಿಲ್ಲಿಯೆಸೈಯನ್ನೂ ಹೀಗೆಯೇ ತಿಕ್ಕಿ, ನೆನೆಸಿ ಬಿತ್ತಬಹುದು. ಈ ಕುಟುಂಬದ ಬೀಜಗಳಲ್ಲಿ ಹಲವು ವಿಷದವು, ಕೋವೈ ಮತ್ತು ಎರಿತ್ರೈನಾ ಬೀಜಗಳಂತೂ ಖಂಡಿತ ವಿಷ. ಮಣಿಯಂತೆ ಚೆಂದವಾಗಿ ಕಾಣುವುದರಿಂದ ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಹೊಗೆ, ಇರುವೆ ಮತ್ತು ರಾತ್ರಿಯ ತಂಪು

ಕೇಪ್ ಪ್ರಾಂತದ ಫಿನ್‌ಬಾಸ್ ಎಂಬ ಕುರುಚಲು ಕಾಡು ಕೆಲವು ವರ್ಷಗಳಿಗೊಮ್ಮೆ ಹೊತ್ತಿ ಉರಿಯುತ್ತದೆ. ಬೆಂಕಿಯ ನಂತರವೇ ಅಲ್ಲಿ ಹೊಸ ಸಸಿಗಳು ಹೆಚ್ಚಾಗಿ ಹುಟ್ಟುವುದು. ಬಿಸಿಯಷ್ಟೇ ಅಲ್ಲ, ಹೊಗೆಯೂ ಬೀಜವನ್ನು ಎಬ್ಬಿಸುತ್ತದೆ ಎಂಬುದನ್ನು ದಕ್ಷಿಣ ಆಫ್ರಿಕದ ಡಿ ಲಾಂಗೆ ಮತ್ತು ಬೌಷರ್ 1990ರಲ್ಲಿ ತೋರಿಸಿಕೊಟ್ಟರು. ಹೊಗೆಯಲ್ಲಿರುವ ಯಾವ ವಸ್ತು ಈ ಕೆಲಸ ಮಾಡುತ್ತದೆ ಎಂಬುದು 2004ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಸಂಶೋಧಕರಿಂದ ತಿಳಿಯಿತು. ಅಲ್ಲಿನ ಮೂಲನಿವಾಸಿ ನೂಂಗರ್ ಜನರ ಭಾಷೆಯಲ್ಲಿ ಹೊಗೆಗಿರುವ ಕರ್ರಿಕ್ ಎಂಬ ಪದದಿಂದ ಆ ವಸ್ತುಗಳಿಗೆ ಕರ್ರಿಕಿನ್ ಎಂಬ ಹೆಸರು ಬಂತು. ಹೊಗೆಯ ಸತ್ತ್ವವನ್ನು ಹೀರಿಸಿ ಒಣಗಿಸಿದ ಕಾಗದದ ಬಿಲ್ಲೆಗಳು ಈಗ ಅಂಗಡಿಗಳಲ್ಲಿ ಸಿಗುತ್ತವೆ. ಒಂದು ಬಿಲ್ಲೆಯನ್ನು ಸ್ವಲ್ಪವೇ ನೀರಿನಲ್ಲಿ ಹಾಕಿ ಬೀಜವನ್ನು ಒಂದು ದಿನ ನೆನೆಸಿ ಬಿತ್ತಿದರೆ ಆಯಿತು. ಬಿಲ್ಲೆ ಸಿಗದವರು ಒಣಹುಲ್ಲು, ತರಗೆಲೆಗಳನ್ನು ಡಬ್ಬಿಯೊಂದರಲ್ಲಿ ಉರಿಯದಂತೆ ಹೊಗೆಯಾಡಿಸಿ, ಆ ಹೊಗೆಯನ್ನು ಉದ್ದನೆಯ ಕೊಳವೆಯ ಮೂಲಕ ತಣಿಸಿ, ಬಿತ್ತಿದ ಕುಂಡಗಳನ್ನಿಟ್ಟ ಮುಚ್ಚಿದ ಪೆಟ್ಟಿಗೆಗೆ ಒಂದು ಗಂಟೆ ಹಾಯಿಸಬಹುದು. ಇದನ್ನು ಬಯಲಿನಲ್ಲಿಯೇ ಮಾಡಬೇಕು. ಆಮೇಲೆ ನೀರನ್ನು ಸಣ್ಣಗೆ ಚಿಮುಕಿಸಿದರೆ ಮೇಲ್ಮಣ್ಣಿನ ಮೇಲೆ ಕುಳಿತ ಸತ್ತ್ವ ಬೀಜದವರೆಗೆ ಇಳಿಯುತ್ತದೆ. ನಮ್ಮ ಹಳ್ಳಿಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಬಿತ್ತನೆ ಬೀಜವನ್ನು ತೂಗುಹಾಕುವ ಪದ್ಧತಿಯೇ ಇದು ಎಂದು ಕೆಲವರು ಹೇಳುವುದುಂಟು. ಆ ಹೊಗೆ ಹುಳು ಹಿಡಿಯದಂತೆ ಕಾಯಲು. ಇದರ ಉದ್ದೇಶವೇ ಬೇರೆ.

ಕೇಪ್‌ನ ಎರಿಕಾ ಎಂಬ ಸಣ್ಣ ಹೂಪೊದೆಗಳಿಗೆ ಹೊಗೆಯಿಂದ ಆಗುವ ಲಾಭ ದೊಡ್ಡದು. ಆದರೆ ಪ್ರೋಟಿಯಕ್ಕೆ ಹೊಗೆಗಿಂತ ಹೆಚ್ಚು ಮುಖ್ಯವಾದದ್ದು ರಾತ್ರಿಯ ತಂಪು. ಇದನ್ನು ಅರಿಯದೆ, ಹೀಟರ್ ತಟ್ಟೆಯ ಮೇಲೆ ಹಗಲಿರುಳೂ 22 ಡಿಗ್ರಿಯಲ್ಲಿಟ್ಟು ಆರು ತಿಂಗಳು ಕಾದವರನ್ನು ಕಂಡಿದ್ದೇನೆ. ಕೇಪ್‌ನಲ್ಲಿ ಪ್ರೋಟಿಯ ಬೀಜ ಮೊಳೆಯುವುದು ಬೇಸಗೆ ಮುಗಿದು ಮಳೆ ಆರಂಭವಾಗಿ ರಾತ್ರಿಗಳು ತಣ್ಣಗಾದಾಗ. ಹಗಲು 20 ಡಿಗ್ರಿಯ ಆಸುಪಾಸು, ರಾತ್ರಿ 5ರಿಂದ 10 ಡಿಗ್ರಿ ಎಂಬ ಏರಿಳಿತ ಸಿಕ್ಕರೆ ಬೀಜಕ್ಕೆ ಕಾಲ ಬಂದದ್ದು ಗೊತ್ತಾಗುತ್ತದೆ. ಯಾರ್ಕ್‌ಷೈರಿನಲ್ಲಿ ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಹೀಟರ್ ಇಲ್ಲದ ಗಾಜಿನ ಮನೆಯೊಳಗೆ ಈ ಏರಿಳಿತ ತಾನಾಗಿಯೇ ಸಿಗುತ್ತದೆ. ಸೆಪ್ಟೆಂಬರಿನಲ್ಲಿಯೂ ಸಿಗುತ್ತದೆ ನಿಜ, ಆದರೆ ಆಗ ಹುಟ್ಟಿದ ಸಸಿ ನೇರವಾಗಿ ಕತ್ತಲೆಯ ಕಾಲಕ್ಕೆ ಕಾಲಿಡುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರಿನ ಹಗಲೂ ಹನ್ನೊಂದು ಗಂಟೆಗಿಂತ ಹೆಚ್ಚು. ಇಲ್ಲಿ ಏಳೂವರೆ ಗಂಟೆ, ಅದರಲ್ಲೂ ಬಿಸಿಲು ಕಾಣುವುದು ಅಪರೂಪ. ಆದ್ದರಿಂದ ವಸಂತದ ಬಿತ್ತನೆಯೇ ಕ್ಷೇಮ.

ದಕ್ಷಿಣ ಆಫ್ರಿಕದ ರಾಷ್ಟ್ರಪುಷ್ಪವಾದ ಪ್ರೋಟಿಯ ಸೈನರಾಯ್ಡಿಸ್‌ನ ಬೀಜ ನವಿರಾದ ಕಂದು ಕೂದಲು ಹೊದ್ದ ಸಣ್ಣ ಕಾಯಿಯಂತಿರುತ್ತದೆ. ಪೊಟ್ಟಣದಲ್ಲಿ ಹಲವು ಜೊಳ್ಳಿರುತ್ತವೆ. ಉಗುರಿನಿಂದ ಮೆಲ್ಲನೆ ಒತ್ತಿದಾಗ ಗಟ್ಟಿಯಾಗಿ ಎದುರು ನಿಂತದ್ದನ್ನು ಮಾತ್ರ ಬಿತ್ತಬೇಕು. ಅರ್ಧ ಸೆಂಟಿಮೀಟರ್ ಮರಳು ಮುಚ್ಚಿ, ಒಮ್ಮೆ ಚೆನ್ನಾಗಿ ನೀರುಣಿಸಿ, ಆಮೇಲೆ ಮೇಲ್ಮಣ್ಣು ಪೂರ್ತಿ ಒಣಗದಷ್ಟು ಮಾತ್ರ ತೇವ ಇಡಬೇಕು. ಮೂರು ವಾರದಿಂದ ಮೂರು ತಿಂಗಳವರೆಗೆ ಯಾವಾಗ ಬೇಕಾದರೂ ಹುಟ್ಟಬಹುದು. ಹೂ ಕಾಣಲು ನಾಲ್ಕೈದು ವರ್ಷ ಬೇಕು. ಇದಕ್ಕೆ ಬುಡದಲ್ಲಿ ದಪ್ಪನೆಯ ಗಡ್ಡೆ ಬೆಳೆಯುವುದರಿಂದ ಮೇಲಿನದು ಸುಟ್ಟರೂ ಮತ್ತೆ ಚಿಗುರುವ ಶಕ್ತಿಯಿದೆ. ಬೆಳೆಸುವವರು ಪ್ರೋಟಿಯಗಳಲ್ಲಿ ಇದನ್ನೇ ಮೊದಲು ಆರಿಸಲು ಅದೂ ಒಂದು ಕಾರಣ.

ಪಿನ್‌ಕುಶನ್ ಎಂದು ಕರೆಯುವ ಲ್ಯೂಕೊಸ್ಪರ್ಮಮ್ ಬೀಜದ ಕಥೆ ಬೇರೆ. ಅದರ ಮೇಲಿನ ತಿರುಳಿನ ಆಸೆಗೆ ಇರುವೆಗಳು ಬೀಜವನ್ನು ನೆಲದೊಳಗೆ ಒಯ್ದು, ತಿರುಳನ್ನು ತಿಂದು ಬೀಜವನ್ನು ಅಲ್ಲಿಯೇ ಬಿಡುತ್ತವೆ. ಬೆಂಕಿಯ ಬಿಸಿಗೆ ಸಿಪ್ಪೆ ಬಿರಿದು ಒಳಗೆ ಗಾಳಿ ಹೋದಾಗಲೇ ಅದು ಎಚ್ಚರಗೊಳ್ಳುವುದು. ನಾವು ಇರುವೆಯ ಕೆಲಸವನ್ನೂ ಬೆಂಕಿಯ ಕೆಲಸವನ್ನೂ ಕೈಯಾರೆ ಮಾಡಬೇಕು. ಶೇಕಡ 1ರ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣದಲ್ಲಿ 24 ಗಂಟೆ ನೆನೆಸಿ, ಮೆತ್ತಗಾದ ಹೊರಪದರವನ್ನು ಬಟ್ಟೆಯಲ್ಲಿ ಉಜ್ಜಿ ತೆಗೆದು ಬಿತ್ತಿದರೆ ಮೊಳಕೆ ಬಹಳ ಸುಧಾರಿಸುತ್ತದೆ. ಈ ಬೀಜದ ಆಯುಸ್ಸು ದೊಡ್ಡದು. 1803ರಲ್ಲಿ ಯಾನ್ ಟೀರ್ಲಿಂಕ್ ಎಂಬ ಡಚ್ ವ್ಯಾಪಾರಿ ಕೇಪ್‌ನಲ್ಲಿ ಕೂಡಿಸಿದ 32 ಬಗೆಯ ಬೀಜಗಳು ಲಂಡನ್ನಿನ ರಾಷ್ಟ್ರೀಯ ದಾಖಲೆಗಳ ನಡುವೆ ಇನ್ನೂರು ವರ್ಷ ಬಿದ್ದಿದ್ದು, ಕ್ಯೂ ಉದ್ಯಾನದ ಮಿಲೆನಿಯಮ್ ಸೀಡ್ ಬ್ಯಾಂಕಿನಲ್ಲಿ ಬಿತ್ತಿದಾಗ ಮೂರು ಬಗೆಗಳು ಮೊಳೆತವು. ಅವುಗಳಲ್ಲಿ ಒಂದು ಲ್ಯೂಕೊಸ್ಪರ್ಮಮ್. ನಾಲ್ಕು ತಿಂಗಳಾದರೂ ಹುಟ್ಟಲಿಲ್ಲವೆಂದು ಕುಂಡವನ್ನು ಬರಿದುಮಾಡಲು ಹೊರಡುವಾಗ ಇದನ್ನು ನೆನೆಯುತ್ತೇನೆ. ಹೆಸರು, ಬಿತ್ತಿದ ದಿನ ಬರೆದ ಚೀಟಿಯನ್ನು ಸಿಕ್ಕಿಸಿ ಎರಡು ವರ್ಷವಾದರೂ ಕುಂಡವನ್ನು ಕಾಪಾಡಬೇಕು.

ಬ್ಯಾಂಕ್ಸಿಯಾ ಇಂಟೆಗ್ರಿಫೋಲಿಯಾಕ್ಕೆ ಯಾವ ಉಪಚಾರವೂ ಬೇಡ. ಬೆಟ್ಟದ ಕ್ಯಾನಿಯೈಗೆ ಮತ್ತು ಚಿಲಿಯ ಬೆಂಕಿಬಣ್ಣದ ಎಂಬೋತ್ರಿಯಮ್‌ಗೆ ಮಾತ್ರ, ಒದ್ದೆ ಮರಳಿನೊಡನೆ ಪೊಟ್ಟಣದಲ್ಲಿ ಕಟ್ಟಿ ಎರಡು ತಿಂಗಳು ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಬೇಕು, ಫ್ರೀಜರಿನಲ್ಲಿ ಅಲ್ಲ. ಬಾಟಲ್ ಬ್ರಷ್‌ನ ಮರದಂತಹ ಕಾಯಿಗಳನ್ನು ಕಾಗದದ ಚೀಲದಲ್ಲಿ ಬೆಚ್ಚನೆಯ ಜಾಗದಲ್ಲಿಟ್ಟರೆ ಕೆಲವು ದಿನಗಳಲ್ಲಿ ತೆರೆದುಕೊಂಡು ನಶ್ಯದಂತಹ ಬೀಜ ಉದುರಿಸುತ್ತವೆ. ಅದನ್ನು ಮಣ್ಣಿನ ಮೇಲೆ ತೆಳುವಾಗಿ ಎರಚಬೇಕು, ಮುಚ್ಚಬಾರದು. ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದಲೇ ನೀರುಣಿಸಬೇಕು.

ಹುಟ್ಟಿದ ಮೇಲೆ

ಸಸಿ ಕೊಳೆರೋಗ ಮೊದಲ ಶತ್ರು. ಸಂಜೆ ನೆಟ್ಟಗಿದ್ದ ಸಸಿ ಬೆಳಿಗ್ಗೆ ಬುಡದಲ್ಲಿ ನೂಲಿನಂತೆ ಸಣ್ಣಗಾಗಿ ಮಗ್ಗುಲಾಗಿ ಬಿದ್ದಿರುತ್ತದೆ, ಎಲೆ ಮಾತ್ರ ಇನ್ನೂ ಹಸಿರಾಗಿರುತ್ತದೆ. ಬಿದ್ದದ್ದನ್ನು ಉಳಿಸಲಾಗದು, ಉಳಿದವನ್ನು ಉಳಿಸಬಹುದು. ಕುಂಡದ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಮೊದಲ ಮೊಳಕೆ ಕಂಡ ದಿನವೇ ತೆಗೆದುಬಿಡಬೇಕು, ಗಾಳಿ ಆಡುವಂತಿರಬೇಕು, ನೀರನ್ನು ಬೆಳಗಿನ ಹೊತ್ತಿನಲ್ಲಿ ಮಾತ್ರ ಕೊಡಬೇಕು. ಹಳೆಯ ಕುಂಡಗಳನ್ನು ತೊಳೆಯದೆ ಬಳಸಬಾರದು.

ಬೀಜದೆಲೆಗಳ ನಡುವೆ ಮೊದಲ ಜೋಡಿ ನಿಜವಾದ ಎಲೆ ಬಂದ ಕೂಡಲೇ ಒಂದೊಂದನ್ನೇ ಬೇರೆ ಕುಂಡಕ್ಕೆ ಹಾಕಬೇಕು. ತಡಮಾಡಿದರೆ ಬೇರುಗಳು ಹೆಣೆದುಕೊಂಡು ಬಿಡಿಸುವಾಗ ಹರಿಯುತ್ತವೆ. ಪ್ರೋಟಿಯ ಕುಟುಂಬದ ಸಸಿಗಳು ಬೇರಿನ ಗಾಯವನ್ನು ಸಹಿಸುವುದಿಲ್ಲ. ಸಸಿಯನ್ನು ಎತ್ತುವಾಗ ಎಲೆಯನ್ನು ಹಿಡಿಯಬೇಕೇ ಹೊರತು ಕಾಂಡವನ್ನಲ್ಲ, ಮಣ್ಣಿನ ಹೆಂಟೆಯೂ ಜೊತೆಯಲ್ಲೇ ಬರಬೇಕು.

ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಆರು ತಿಂಗಳಲ್ಲಿ ಸಸಿಗಳನ್ನು ಕೊಲ್ಲುವುದು ಚಳಿಗಿಂತ ಹೆಚ್ಚಾಗಿ ತೇವ. ಕೇಪ್‌ನ ಗಿಡಗಳಿಗೆ ಚಳಿಗಾಲದ ಮಳೆ ಹೊಸದಲ್ಲ, ಆದರೆ ಅಲ್ಲಿ ಮಳೆ ಬಂದು ಹೋದ ಮೇಲೆ ಬಿಸಿಲೂ ಗಾಳಿಯೂ ಇರುತ್ತವೆ. ಇಲ್ಲಿ ಒಮ್ಮೆ ನೆನೆದ ಕುಂಡ ಮೂರು ವಾರವಾದರೂ ಆರುವುದಿಲ್ಲ. ಕುಂಡವನ್ನು ಕೈಯಲ್ಲೆತ್ತಿ ಹಗುರವೆನಿಸಿದರೆ ಮಾತ್ರ ನೀರು ಕೊಡುವುದು ನನ್ನ ಪದ್ಧತಿ. ಜನವರಿಯಲ್ಲಿ ಅದು ತಿಂಗಳಿಗೆರಡು ಸಲವೂ ಆಗುವುದಿಲ್ಲ. ಸಸಿಗಳನ್ನು ಮನೆಯೊಳಗಿನ ಬಿಸಿ ಕೋಣೆಗೆ ತರಬಾರದು, ಬೆಳಕಿಲ್ಲದೆ ಬಿಸಿ ಮಾತ್ರ ಸಿಕ್ಕರೆ ಅವು ಸೊರಗಿ ಉದ್ದವಾಗುತ್ತವೆ. ಗಾಜಿನ ಮನೆಯಲ್ಲಿ ನೆಲದಿಂದ ಎತ್ತರದ ಹಲಗೆಯ ಮೇಲಿಟ್ಟು, ಹೆಪ್ಪುಗಟ್ಟುವ ರಾತ್ರಿಗಳಲ್ಲಿ ಮಾತ್ರ ತೋಟಗಾರಿಕೆಯ ತೆಳುಬಟ್ಟೆ ಹೊದಿಸಿ, ಬೆಳಿಗ್ಗೆ ತೆಗೆದು ಬಾಗಿಲು ತೆರೆಯಬೇಕು.

ಕಡಲಿಗೆ ಹತ್ತಿರವಿರುವವರು ಇನ್ನೂ ಹೆಚ್ಚಿನ ಆಸೆ ಇಟ್ಟುಕೊಳ್ಳಬಹುದು. ಇಂಗ್ಲೆಂಡಿನ ನೈಋತ್ಯ ತುದಿಯಾಚೆಯ ಸಿಲ್ಲಿ ದ್ವೀಪಗಳ ಟ್ರೆಸ್ಕೊ ಉದ್ಯಾನದಲ್ಲಿ ಪ್ರೋಟಿಯಗಳು ಬಯಲಿನಲ್ಲೇ ಹೂಬಿಡುತ್ತವೆ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಇನ್ವರ್ಯೂ, ಲೋಗನ್ ಉದ್ಯಾನಗಳಲ್ಲೂ ಅಟ್ಲಾಂಟಿಕ್ ಪ್ರವಾಹದ ಬೆಚ್ಚನೆಯಿಂದ ದಕ್ಷಿಣ ಗೋಳಾರ್ಧದ ಗಿಡಗಳು ಬಯಲಿನಲ್ಲಿ ಬೆಳೆಯುತ್ತವೆ. ಆದರೆ 1987ರ ಜನವರಿಯ ಹಿಮಪಾತ ಅದೇ ಟ್ರೆಸ್ಕೊದಲ್ಲಿ ಅಪಾರ ಗಿಡಗಳನ್ನು ಕೊಂದಿತು. ಆದ್ದರಿಂದ ಎಲ್ಲ ಸಸಿಗಳನ್ನೂ ಒಂದೇ ವರ್ಷ ನೆಲಕ್ಕೆ ಇಳಿಸದೆ ಒಂದೆರಡನ್ನು ಕುಂಡದಲ್ಲೇ ಉಳಿಸಿಕೊಳ್ಳಬೇಕು.

ನೆಲಕ್ಕೆ ನೆಡಲು ತಕ್ಕ ಕಾಲ ಎರಡನೆಯ ಅಥವಾ ಮೂರನೆಯ ವರ್ಷದ ಮೇ ಕೊನೆ. ಆಗ ಬೇರಿಗೆ ಮುಂದಿನ ಚಳಿಗೆ ಮೊದಲು ಐದು ತಿಂಗಳು ಸಿಗುತ್ತದೆ. ದಕ್ಷಿಣದ ಗೋಡೆಯ ಬುಡ, ಇಲ್ಲವೇ ನೀರು ನಿಲ್ಲದ ಇಳಿಜಾರು ಆರಿಸಬೇಕು. ಜೇಡಿಮಣ್ಣಿನ ನೆಲವಾದರೆ ಗುಂಡಿ ತೋಡಿ ಮರಳು ತುಂಬುವುದರಿಂದ ಪ್ರಯೋಜನವಿಲ್ಲ, ಸುತ್ತಲಿನ ನೀರೆಲ್ಲ ಆ ಗುಂಡಿಗೇ ಇಳಿಯುತ್ತದೆ. ನೆಲದ ಮೇಲೆಯೇ ಮೊಣಕಾಲೆತ್ತರಕ್ಕೆ ಮರಳು ಮತ್ತು ಮಣ್ಣಿನ ದಿಬ್ಬ ಮಾಡಿ ಅದರ ಮೇಲೆ ನೆಡಬೇಕು. ಪ್ರೋಟಿಯ ಕುಟುಂಬದ ಗಿಡಗಳ ಗುಂಡಿಗೆ ಸಗಣಿಗೊಬ್ಬರವಾಗಲಿ ಮೂಳೆಪುಡಿಯಾಗಲಿ ಬೀಳಕೂಡದು. ನೆಟ್ಟ ಮೇಲೆ ಕಾಂಡದ ಸುತ್ತ ಒಂದು ಗೇಣು ಅಗಲಕ್ಕೆ ಸುಣ್ಣವಿಲ್ಲದ ಸಣ್ಣ ಜಲ್ಲಿ ಹರಡಿ, ಬೇರು ಕದಲದಂತೆ ಕಳೆಯನ್ನು ಕೀಳದೆ ಕತ್ತರಿಯಿಂದ ಕತ್ತರಿಸುತ್ತ, ಮೊದಲ ಬೇಸಗೆ ಪೂರ್ತಿ ವಾರಕ್ಕೊಮ್ಮೆ ಬುಡಕ್ಕೆ ಮಳೆನೀರು ಹಾಕಬೇಕು.